ಮೊಬೈಲಿನಲ್ಲಿ ಆರೋಗ್ಯ: ಪರದೆ ಯಾರಿಗಾಗಿ?

ಮನೆ ಎಷ್ಟೇ ದೊಡ್ಡದಾಗಿರಲಿ, ಹೊರಗಿನಿಂದ ಬಂದವರು ಮೊದಲು ಕಾಲಿಡುವುದು ಜಗಲಿಗೆ. ಜಗಲಿ ಎತ್ತರವಾಗಿದ್ದು ಅದಕ್ಕೆ ಮೆಟ್ಟಿಲೇ ಇಲ್ಲದಿದ್ದರೆ, ಒಳಗೆ ಎಂತಹ ಸತ್ಕಾರ ಸಿದ್ಧವಾಗಿದ್ದರೂ ಮುದುಕರು ಬೀದಿಯಲ್ಲೇ ನಿಲ್ಲಬೇಕಾಗುತ್ತದೆ. ಯಂತ್ರಗಳ ವಿಷಯವೂ ಹೀಗೆಯೇ. ಯಂತ್ರವೂ ಮನುಷ್ಯನೂ ಒಬ್ಬರನ್ನೊಬ್ಬರು ಎದುರುಗೊಳ್ಳುವ ಸ್ಥಳವನ್ನು ತಜ್ಞರು ‘ಇಂಟರ್‌ಫೇಸ್’ ಎಂದು ಕರೆಯುತ್ತಾರೆ. ಮೊಬೈಲಿನಲ್ಲಿ ಅದು ಕಣ್ಣಿಗೆ ಕಾಣುವ ಪರದೆ, ಅದರ ಮೇಲಿನ ಅಕ್ಷರ, ಚಿತ್ರ, ಗುಂಡಿಗಳು, ಮತ್ತು ಒಂದನ್ನು ಒತ್ತಿದ ಮೇಲೆ ಮತ್ತೊಂದು ಬರುವ ಕ್ರಮ. ಈ ಲೇಖನದಲ್ಲಿ ಅದೆಲ್ಲವನ್ನೂ ಒಟ್ಟಾಗಿ ‘ಪರದೆ’ ಎಂದೇ ಕರೆಯುತ್ತೇನೆ. ಆರೋಗ್ಯಕ್ಕಾಗಿ ಮಾಡಿದ ಆ್ಯಪ್‌ಗಳಲ್ಲಿ ಈ ಪರದೆ ಹೇಗಿರಬೇಕು, ಹಾಗಿಲ್ಲದಿದ್ದರೆ ನಷ್ಟವಾಗುವುದು ಯಾರಿಗೆ ಎಂಬುದೇ ಇಲ್ಲಿನ ವಿಚಾರ.

ನಾನು ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿ. ಯಂತ್ರಶಾಸ್ತ್ರವನ್ನಾಗಲಿ ವೈದ್ಯವನ್ನಾಗಲಿ ಓದಿದವನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಮಂಡ್ಯ ಮದ್ದೂರುಗಳ ನಡುವೆ ರೈಲುದಾರಿಯ ಮೇಲಿರುವ ಹನಕೆರೆ ನನ್ನ ಊರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೀಗಾಗಿ ನಮ್ಮ ಬೀದಿಯ ಹಲವು ಮನೆಗಳ ಮೊಬೈಲುಗಳು ನನ್ನ ಕೈಗೆ ಬರುತ್ತವೆ. ‘ಇದ್ರಲ್ಲಿ ಏನೋ ಬಂದದೆ, ಒಸಿ ನೋಡ್ಲಾ ಮಗ’ ಎಂದು ಸಂಜೆಯ ಹೊತ್ತು ದೊಡ್ಡವ್ವಂದಿರು ಬಾಗಿಲಿಗೆ ಬರುತ್ತಾರೆ. ಹಿಂದೆ ಊರಿನಲ್ಲಿ ಕಾಗದ ಓದಿ ಹೇಳುವವನೊಬ್ಬನಿರುತ್ತಿದ್ದನಂತೆ. ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಓದಿ ಹೇಳುವುದರಲ್ಲಿ ನನಗೆ ಬೇಸರವಿಲ್ಲ. ಆದರೆ ಓದುತ್ತ ಓದುತ್ತ ಒಂದು ಪ್ರಶ್ನೆ ಎದ್ದಿತು: ಇವರು ತಮ್ಮ ದೇಹದ ವಿಷಯವನ್ನು ತಾವೇ ತಿಳಿದುಕೊಳ್ಳಲಾರದಂತೆ ಮಾಡಿರುವುದು ಇವರ ಅವಿದ್ಯೆಯೋ, ಅಥವಾ ಪರದೆಯೋ?

ಮೊದಲು, ಮೊಬೈಲಿಗೂ ಆರೋಗ್ಯಕ್ಕೂ ಈಗ ಇರುವ ಸಂಬಂಧವನ್ನು ಸ್ವಲ್ಪ ನೋಡೋಣ. ೨೦೧೯ರಲ್ಲಿ ಭಾರತ ಸರ್ಕಾರ ‘ಇ-ಸಂಜೀವಿನಿ’ ಎಂಬ ದೂರವೈದ್ಯ ಸೇವೆಯನ್ನು ಆರಂಭಿಸಿತು. ಮರುವರ್ಷ, ಕೋವಿಡ್ ಕಾಲದಲ್ಲಿ, ರೋಗಿಯು ಮನೆಯಿಂದಲೇ ವೈದ್ಯರನ್ನು ಕಾಣುವ ಏರ್ಪಾಡೂ ಅದರಲ್ಲಿ ಬಂದಿತು. ೨೦೨೧ರಲ್ಲಿ ಲಸಿಕೆಯ ಸರದಿಗಾಗಿ ‘ಕೋವಿನ್’ ಬಂದುದನ್ನು ನಾವೆಲ್ಲರೂ ಬಲ್ಲೆವು. ಅದೇ ವರ್ಷದ ಸೆಪ್ಟೆಂಬರ್ ೨೭ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಜಾರಿಗೆ ಬಂದು, ಪ್ರತಿಯೊಬ್ಬರಿಗೂ ೧೪ ಅಂಕಿಗಳ ‘ಆಭಾ’ ಸಂಖ್ಯೆಯನ್ನು ಕೊಡುವ ಕೆಲಸ ನಡೆದಿದೆ. ಅಂಗನವಾಡಿಗಳಲ್ಲಿ ಮಕ್ಕಳ ತೂಕ ಎತ್ತರಗಳನ್ನು ಬರೆಯುವುದೂ ೨೦೨೧ರಿಂದ ‘ಪೋಷಣ್ ಟ್ರ್ಯಾಕರ್’ ಎಂಬ ಆ್ಯಪ್‌ನಲ್ಲಿ ನಡೆಯುತ್ತಿದೆ. ಇವೆಲ್ಲವೂ ಒಳ್ಳೆಯ ಉದ್ದೇಶದಿಂದ ಹುಟ್ಟಿದವು ಎಂಬುದರಲ್ಲಿ ಸಂಶಯವಿಲ್ಲ.

ಇನ್ನು ಬಳಸುವವರ ಕಡೆ ನೋಡೋಣ. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ತಾವೇ ಬಳಸುವ ಮೊಬೈಲನ್ನು ಹೊಂದಿದ್ದ ಹೆಂಗಸರು ನೂರಕ್ಕೆ ೫೪ ಮಂದಿ. ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ್ದವರು ಗಂಡಸರಲ್ಲಿ ನೂರಕ್ಕೆ ೫೭, ಹೆಂಗಸರಲ್ಲಿ ನೂರಕ್ಕೆ ೩೩. ಬಸುರಿ, ಬಾಣಂತಿ, ಮಗು ಇವರ ಆರೋಗ್ಯವೇ ಈ ಆ್ಯಪ್‌ಗಳಲ್ಲಿ ಅನೇಕವುಗಳ ಮುಖ್ಯ ವಿಷಯವಾಗಿರುವಾಗ, ಯಾರಿಗಾಗಿ ಪರದೆಯನ್ನು ಬರೆಯಬೇಕೋ ಅವರ ಕೈಯಲ್ಲೇ ಮೊಬೈಲು ಕಡಮೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

‘ಬಳಸಲು ಬರುವುದು’ ಎಂದರೇನು?

ಸುಲಭವಾದ ಮಾತಿನಂತೆ ತೋರಿದರೂ ಇದಕ್ಕೆ ಒಂದು ಶಾಸ್ತ್ರೀಯ ಲಕ್ಷಣವಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೯೮ರಲ್ಲಿ ಇದನ್ನು ಹೀಗೆ ನಿರೂಪಿಸಿತು: ಗೊತ್ತಾದ ಜನರು, ಗೊತ್ತಾದ ಸಂದರ್ಭದಲ್ಲಿ, ಗೊತ್ತಾದ ಕೆಲಸವನ್ನು ಸರಿಯಾಗಿ, ಹೆಚ್ಚು ಶ್ರಮವಿಲ್ಲದೆ, ತೃಪ್ತಿಯಿಂದ ಮಾಡುವಂತಿರಬೇಕು. ಇಲ್ಲಿ ಗಮನಿಸಬೇಕಾದುದು ‘ಗೊತ್ತಾದ ಜನರು, ಗೊತ್ತಾದ ಸಂದರ್ಭ’ ಎಂಬ ಮಾತು. ಎಲ್ಲರಿಗೂ ಎಲ್ಲೆಡೆಯೂ ಒಳ್ಳೆಯದಾದ ಪರದೆ ಎಂಬುದಿಲ್ಲ. ಬೆಂಗಳೂರಿನ ತಂಪು ಕೊಠಡಿಯಲ್ಲಿ ಕುಳಿತವನಿಗೆ ಅಂದವಾದದ್ದು, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತ ಆಶಾ ಕಾರ್ಯಕರ್ತೆಗೆ ಕಾಣಿಸದೆಯೇ ಹೋಗಬಹುದು. ಬೂದುಬಣ್ಣದ ಮೇಲೆ ಬಿಳಿಯ ಅಕ್ಷರ ಬರೆಯುವ ಚೆಲುವೆಲ್ಲ ಬಿಸಿಲಿಗೆ ಕರಗಿಹೋಗುತ್ತದೆ. ಅಕ್ಷರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ಅಂತರ ಕಡೆಯಪಕ್ಷ ನಾಲ್ಕೂವರೆಗೆ ಒಂದರಷ್ಟಾದರೂ ಇರಬೇಕೆಂದು ಅಂತರ್ಜಾಲದ ಅಂತರರಾಷ್ಟ್ರೀಯ ನಿಯಮಾವಳಿ ಹೇಳುವುದು ಇದಕ್ಕಾಗಿಯೇ.

ಎರಡನೆಯದು ಬೆರಳು. ೧೯೫೪ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ನಿಯಮವನ್ನು ಕಂಡುಹಿಡಿದರು: ಒಂದು ಗುರಿಯನ್ನು ಕೈ ಮುಟ್ಟಲು ಹಿಡಿಯುವ ಕಾಲವು ಆ ಗುರಿಯ ದೂರವನ್ನೂ ಅಗಲವನ್ನೂ ಅವಲಂಬಿಸಿರುತ್ತದೆ, ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಹೆಚ್ಚು ಹೊತ್ತು ಬೇಕು. ಮೊಬೈಲಿನ ಕನಸೂ ಇಲ್ಲದ ಕಾಲದ ಈ ನಿಯಮ ಇಂದಿನ ಪರದೆಗೂ ಅನ್ವಯಿಸುತ್ತದೆ. ಒತ್ತುವ ಗುಂಡಿ ಸುಮಾರು ೯ ಮಿಲಿಮೀಟರಿಗಿಂತ ಚಿಕ್ಕದಾಗಬಾರದೆಂದು ಆಂಡ್ರಾಯ್ಡ್ ಮೊಬೈಲುಗಳಿಗೆ ಆ್ಯಪ್ ಮಾಡುವವರಿಗೆ ಸೂಚನೆಯಿದೆ. ಕಳೆ ಕಿತ್ತು, ಸೌದೆ ಒಡೆದು ಒರಟಾದ ಬೆರಳುಗಳಿಗೆ ಇದಕ್ಕಿಂತಲೂ ದೊಡ್ಡದಿದ್ದರೆ ಒಳ್ಳೆಯದು. ‘ಹೌದು’ ಮತ್ತು ‘ಅಲ್ಲ’ ಎಂಬ ಎರಡು ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಕನ್ನಡದ ಅಕ್ಷರ, ಕನ್ನಡದ ಮಾತು

ಮೂರನೆಯದು ಭಾಷೆ. ‘ಆ್ಯಪ್ ಕನ್ನಡದಲ್ಲಿದೆ’ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸೂ ಕೆಳಗೆ ಒತ್ತೂ ಬೇಕು. ಇಂಗ್ಲಿಷಿನ ಅಳತೆಗೆ ಕೊರೆದ ಚೌಕಟ್ಟಿನಲ್ಲಿ ಕನ್ನಡವನ್ನು ತುಂಬಿದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ರಕ್ತ’ ಎಂಬುದು ‘ರಕ’ವಾಗುತ್ತದೆ, ‘ಅಕ್ಕ’ ‘ಅಕ’ವಾಗುತ್ತಾಳೆ. ನಿರರ್ಗಳವಾಗಿ ಓದುವವರು ಊಹಿಸಿಕೊಳ್ಳುತ್ತಾರೆ. ಅಕ್ಷರ ಕೂಡಿಸಿ ಓದುವವರು ಅಲ್ಲಿಯೇ ನಿಂತುಬಿಡುತ್ತಾರೆ. ಕನ್ನಡ ಪದಗಳು ಉದ್ದವಾದುದರಿಂದ ಗುಂಡಿಯ ಮೇಲೆ ಅರ್ಧ ಪದವೂ ಮೂರು ಚುಕ್ಕೆಯೂ ಉಳಿಯುವುದುಂಟು. ಆದ್ದರಿಂದ ಕನ್ನಡದ ಪರದೆಯನ್ನು ಕನ್ನಡದಲ್ಲೇ ಮೊದಲು ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಅನುವಾದ ಮಾಡಿಸಬಾರದು.

ಪದಗಳ ಆಯ್ಕೆಯೂ ಅಷ್ಟೇ ಮುಖ್ಯ. ‘ಅಧಿಕ ರಕ್ತದೊತ್ತಡ’ ಎಂದರೆ ನಮ್ಮೂರಿನ ಹಿರಿಯರಿಗೆ ತಿಳಿಯದು, ‘ಬಿ.ಪಿ. ಜಾಸ್ತಿ’ ಎಂದರೆ ಕೂಡಲೆ ತಿಳಿಯುತ್ತದೆ. ‘ಮಧುಮೇಹ’ಕ್ಕಿಂತ ‘ಸಕ್ಕರೆ ಕಾಯಿಲೆ’ ವಾಸಿ. ‘ಸಲ್ಲಿಸು’ ಎನ್ನುವಲ್ಲಿ ‘ಕಳಿಸು’, ‘ರದ್ದುಗೊಳಿಸು’ ಎನ್ನುವಲ್ಲಿ ‘ಬೇಡ’ ಎಂದರೆ ಭಾಷೆಗೆ ಅವಮಾನವೇನೂ ಆಗದು. ಶುದ್ಧ ಕನ್ನಡದ ಅಭಿಮಾನ ನನಗೂ ಉಂಟು. ಆದರೆ ಜ್ವರ ಬಂದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಮುಂದೆ ಶಬ್ದಭಂಡಾರವನ್ನು ಪ್ರದರ್ಶಿಸುವುದು ಅಭಿಮಾನವಲ್ಲ.

ಅಕ್ಷರ ಬಾರದವರೆಲ್ಲ ಏನೂ ಅರಿಯದವರೆಂದು ತಿಳಿಯುವುದೂ ತಪ್ಪು. ನಮ್ಮ ಕಡೆ ಬೆಳಗ್ಗೆ ಸಂಜೆ ಹಾಲಿನ ಡೈರಿಗೆ ಹಾಲು ಹಾಕುವ ಹೆಂಗಸರನ್ನು ನೋಡಿ. ಹೆಸರು ಬರೆಯಲು ಬಾರದವರೂ ಚೀಟಿಯಲ್ಲಿ ಎಷ್ಟು ಲೀಟರು, ಫ್ಯಾಟ್ ಎಷ್ಟು, ದುಡ್ಡು ಎಷ್ಟು ಎಂಬುದನ್ನು ತಟ್ಟನೆ ಗುರುತಿಸುತ್ತಾರೆ. ಅರ್ಧ ಲೀಟರು ಕಡಮೆ ಬಂದರೆ ಅಲ್ಲೇ ಕೇಳುತ್ತಾರೆ. ಅಂಕಿ ಅವರಿಗೆ ಬರುತ್ತದೆ. ಬಿ.ಪಿ.ಯು ೧೪೦/೯೦ನ್ನು ಮುಟ್ಟಿದರೆ ಅಥವಾ ದಾಟಿದರೆ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಈ ಎರಡು ಅಂಕಿಗಳನ್ನು ದಪ್ಪವಾಗಿ ಬರೆದು, ಕಳೆದ ತಿಂಗಳಿನ ಅಂಕಿಗಳನ್ನು ಪಕ್ಕದಲ್ಲಿಟ್ಟರೆ, ಡೈರಿಯ ಚೀಟಿ ಓದುವವರು ಅದನ್ನೂ ಓದಿಯಾರು. ಅಪಾಯವನ್ನು ಕೆಂಪು ಬಣ್ಣದಿಂದ ಮಾತ್ರ ತಿಳಿಸಿದರೆ ಸಾಲದು. ಕೆಂಪು ಹಸಿರುಗಳ ಭೇದ ಕಾಣದವರೂ ಇರುತ್ತಾರೆ. ಬಣ್ಣದ ಜೊತೆಗೆ ಒಂದು ಮಾತೂ ಇರಬೇಕು.

ತಾರೀಖಿನ ಕಷ್ಟ

ನಾಲ್ಕನೆಯದು, ಚಿಕ್ಕದಾಗಿ ಕಂಡರೂ ದೊಡ್ಡದಾದ ತೊಡಕು, ತಾರೀಖು. ಹುಟ್ಟಿದ ದಿನ ಕೇಳುವ ಕೆಲವು ಪರದೆಗಳು ಇಂದಿನ ತಿಂಗಳನ್ನು ತೋರಿಸಿ, ಒಂದೊಂದೇ ತಿಂಗಳು ಹಿಂದಕ್ಕೆ ಸರಿಸಿ ಎನ್ನುತ್ತವೆ. ೧೯೬೦ರಲ್ಲಿ ಹುಟ್ಟಿದವರೊಬ್ಬರು ೨೦೨೫ರಿಂದ ಹಾಗೆ ಸರಿಸಿಕೊಂಡು ಹೋಗಬೇಕಾದರೆ ೭೮೦ ಬಾರಿ ಒತ್ತಬೇಕು. ವರ್ಷವನ್ನು ನೇರವಾಗಿ ಆರಿಸುವ ದಾರಿ ಬೇರೆಲ್ಲೋ ಅಡಗಿರುತ್ತದೆ. ಅದು ನನಗೆ ಗೊತ್ತು, ದೊಡ್ಡವ್ವನಿಗೆ ಗೊತ್ತಿಲ್ಲ. ಅಷ್ಟೇ ಅಲ್ಲ, ಹುಟ್ಟಿದ ತಾರೀಖೇ ತಿಳಿಯದವರು ಎಷ್ಟೋ ಮಂದಿ. ‘ಸುಮಾರು ೬೫ ವಯಸ್ಸು’ ಎಂಬ ಉತ್ತರಕ್ಕೆ ಪರದೆಯಲ್ಲಿ ಜಾಗವಿರಬೇಕು. ಜಾಗವಿಲ್ಲದಿದ್ದರೆ ಯಾವುದೋ ವರ್ಷದ ಜನವರಿ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಸುಳ್ಳು ಲೆಕ್ಕಕ್ಕೆ ಪರದೆಯೇ ಕಾರಣವಾಗುತ್ತದೆ.

ಬಸುರಿಯರ ವಿಷಯದಲ್ಲಿ ಇದು ಇನ್ನೂ ಗುರುತರ. ಕೊನೆಯ ಮುಟ್ಟಿನ ಮೊದಲ ದಿನದಿಂದ ೨೮೦ ದಿನ ಎಣಿಸಿ ಹೆರಿಗೆಯ ದಿನವನ್ನು ಅಂದಾಜು ಮಾಡುತ್ತಾರೆ. ಯಾವಾಗ ಯಾವ ಪರೀಕ್ಷೆ, ಯಾವಾಗ ಚುಚ್ಚುಮದ್ದು ಎಂಬುದೆಲ್ಲ ಆ ಒಂದು ತಾರೀಖಿನ ಮೇಲೆ ನಿಂತಿದೆ. ನಮ್ಮ ಹೆಂಗಸರಲ್ಲಿ ಅನೇಕರು ಅದನ್ನು ತಾರೀಖಿನಿಂದ ನೆನಪಿಡುವುದಿಲ್ಲ. ‘ಗೌರಿಹಬ್ಬ ಆಗಿ ನಾಕನೇ ದಿನ’ ಎಂದು ನೆನಪಿಡುತ್ತಾರೆ. ಹಬ್ಬಗಳನ್ನೂ ಅಮಾವಾಸ್ಯೆ ಹುಣ್ಣಿಮೆಗಳನ್ನೂ ತೋರಿಸುವ, ನಮ್ಮ ಗೋಡೆಗಳ ಮೇಲೆ ತೂಗುವಂತಹ ಕ್ಯಾಲೆಂಡರನ್ನೇ ಪರದೆಯ ಮೇಲೆ ತಂದರೆ ಆ ದಿನವನ್ನು ಅವರೇ ಬೆರಳಿಟ್ಟು ತೋರಿಸಬಲ್ಲರು. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಅಡುಗೆಮನೆಯ ಗೋಡೆಯನ್ನು ಒಮ್ಮೆ ನೋಡಿದರೆ ಸಾಕು.

ಬೆಂಗಳೂರಿನ ಎರಡು ಪ್ರಯತ್ನಗಳು

ಇಂತಹ ವಿಚಾರಗಳನ್ನು ಯಾರೂ ಯೋಚಿಸಿಲ್ಲವೆಂದಲ್ಲ. ನಮ್ಮಿಂದ ನೂರು ಕಿಲೋಮೀಟರಿನೊಳಗಿರುವ ಬೆಂಗಳೂರಿನಲ್ಲೇ ಎರಡು ಗಮನಾರ್ಹ ಪ್ರಯತ್ನಗಳು ನಡೆದಿವೆ.

ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಗಳೂರಿನ ಸಂಶೋಧನಾಲಯದಲ್ಲಿದ್ದ ಇಂದ್ರಾಣಿ ಮೇಧಿ ಎಂಬವರು ತಮ್ಮ ಸಹೋದ್ಯೋಗಿಗಳೊಡನೆ, ಆ ನಗರದ ಬಡಾವಣೆಗಳಲ್ಲಿ ಮನೆಗೆಲಸ ಮಾಡುವ ಹೆಂಗಸರ ನಡುವೆ ಕುಳಿತು, ಅಕ್ಷರವೇ ಇಲ್ಲದ ಪರದೆಯನ್ನು ರೂಪಿಸಿದರು. ಅದರ ಫಲಿತಾಂಶಗಳು ೨೦೦೬ರಲ್ಲಿ ಪ್ರಕಟವಾದವು. ೨೦೦೭ರಲ್ಲಿ ಅವರು ಮತ್ತೊಂದು ಅಧ್ಯಯನವನ್ನು ಮುಂದಿಟ್ಟರು. ಅದರಲ್ಲಿ ಓದುಬರಹವಿಲ್ಲದ ೨೦೦ ಮಂದಿಗೆ ೧೩ ರೋಗಲಕ್ಷಣಗಳನ್ನು ಬರಹ, ಕೈಚಿತ್ರ, ಛಾಯಾಚಿತ್ರ, ಚಲಿಸುವ ಚಿತ್ರ, ವಿಡಿಯೊ ಎಂಬ ಐದು ಬಗೆಗಳಲ್ಲಿ, ದನಿಯೊಡನೆ ಮತ್ತು ದನಿಯಿಲ್ಲದೆ, ತೋರಿಸಲಾಯಿತು. ದನಿ ಸೇರಿದರೆ ಸಾಮಾನ್ಯವಾಗಿ ಬೇಗ ತಿಳಿಯುತ್ತದೆ, ಆದರೆ ದನಿ ಚಿತ್ರ ಎರಡೂ ಕೂಡಿದಾಗ ಕೆಲವೊಮ್ಮೆ ಗಲಿಬಿಲಿಯೂ ಆಗುತ್ತದೆ. ಚಿತ್ರ ಹೆಚ್ಚು ಹೆಚ್ಚು ವಿವರವಾಗಿದ್ದರೆ ಹೆಚ್ಚು ತಿಳಿಯುತ್ತದೆಂಬ ನಿಯಮವಿಲ್ಲ ಎಂದು ಅವರು ಕಂಡರು. ‘ಓದು ಬಾರದವರಿಗೆ ವಿಡಿಯೊ ತೋರಿಸಿಬಿಟ್ಟರಾಯಿತು’ ಎಂದು ಹಗುರವಾಗಿ ಹೇಳುವವರು ಇದನ್ನು ಗಮನಿಸಬೇಕು.

ಎರಡನೆಯದು ‘ಸಿಂಪಲ್’ ಎಂಬ ಆ್ಯಪ್. ೨೦೧೭ರಲ್ಲಿ ಆರಂಭವಾದ ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ದಾದಿಯರು ಬಳಸಲೆಂದು ಇದನ್ನು ಮಾಡಿದರು. ಇದನ್ನು ಕಟ್ಟಿದವರಲ್ಲಿ ಬೆಂಗಳೂರಿನ ವಿನ್ಯಾಸಕಾರರೂ ಪ್ರೋಗ್ರಾಮು ಬರೆಯುವವರೂ ಇದ್ದರು. ರೋಗಿಯ ಕೈಗೆ ಚೌಕುಳಿ ಗುರುತಿನ ಒಂದು ಚೀಟಿ ಕೊಡುತ್ತಾರೆ. ಮುಂದಿನ ಸಲ ಬಂದಾಗ ದಾದಿ ಆ ಗುರುತಿನ ಮೇಲೆ ಮೊಬೈಲು ಹಿಡಿದರೆ ಹಿಂದಿನ ಲೆಕ್ಕ ತೆರೆದುಕೊಳ್ಳುತ್ತದೆ. ಆಕೆ ಬರೆಯಬೇಕಾದುದು ಮುಖ್ಯವಾಗಿ ಮೂರೇ: ಇಂದಿನ ಬಿ.ಪಿ., ಕೊಟ್ಟ ಮಾತ್ರೆ, ಮತ್ತೆ ಬರಬೇಕಾದ ದಿನ. ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಹೇಳಿದ ದಿನ ಬಾರದವರ ಪಟ್ಟಿಯನ್ನು ಆ್ಯಪ್ ತಾನಾಗಿ ಕೊಡುವುದರಿಂದ ಅವರಿಗೆ ಫೋನು ಮಾಡಿ ಕರೆಯಬಹುದು. ಇದರ ಹೆಚ್ಚುಗಾರಿಕೆ ಇರುವುದು ಏನನ್ನು ಸೇರಿಸಿದರು ಎಂಬುದರಲ್ಲಿ ಅಲ್ಲ, ಏನನ್ನು ಬಿಟ್ಟರು ಎಂಬುದರಲ್ಲಿ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ೨೦೨೧ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ತಮಗೆ ಕೊಟ್ಟಿದ್ದ ಮೊಬೈಲುಗಳನ್ನು ಇಲಾಖೆಗೆ ಹಿಂದಿರುಗಿಸುವ ಚಳವಳಿ ನಡೆಸಿದರು. ಮೊಬೈಲುಗಳ ಶಕ್ತಿ ಸಾಲದು, ಪೋಷಣ್ ಟ್ರ್ಯಾಕರ್ ಇಂಗ್ಲಿಷಿನಲ್ಲಿದೆ ಎಂಬುವು ಅವರ ದೂರುಗಳಲ್ಲಿ ಮುಖ್ಯವಾದವು. ಆಮೇಲೆ ಆ ಆ್ಯಪ್ ಅನೇಕ ಭಾರತೀಯ ಭಾಷೆಗಳಲ್ಲಿ ಬಂದಿತು. ಮೊದಲೇ ಅವರಲ್ಲಿ ನಾಲ್ಕು ಮಂದಿಯನ್ನು ಕೇಳಿದ್ದರೆ ಇಷ್ಟು ದೂರ ಹೋಗಬೇಕಾಗಿತ್ತೆ?

ಪರದೆ ಮತ್ತು ಗುಟ್ಟು

ಇಷ್ಟು ಹೊತ್ತು ಹೇಳಿದ್ದು ಅನುಕೂಲದ ಮಾತು. ಆದರೆ ನನ್ನ ಮುಖ್ಯ ವಾದ ಅನುಕೂಲದ್ದಲ್ಲ, ಮರ್ಯಾದೆಯದು.

ನಮ್ಮ ಬೀದಿಯಲ್ಲಿ ಅತ್ತಿಗೆಯ ವರಸೆಯವರೊಬ್ಬರಿದ್ದಾರೆ. ಒಂದು ಸಂಜೆ ಅವರು ಮೊಬೈಲು ಹಿಡಿದು ಬಂದು, ಪರೀಕ್ಷೆಯ ರಿಪೋರ್ಟು ಬಂದಿದೆ, ನೋಡಬೇಕು ಎಂದರು. ನಾನು ಕೈ ಚಾಚಿದೆ. ಅವರು ಕೊಡಲು ಬಂದವರು ತಡೆದು, ಪರದೆಯನ್ನು ಸೆರಗಿನಿಂದ ಮುಚ್ಚಿ, ‘ಬ್ಯಾಡ ಬುಡಪ್ಪ, ನಾಳೀಕ್ ಇನ್ಯಾರ್ ತವನಾರ ನೋಡಿಸ್ಕತಿನಿ’ ಎಂದು ಹಿಂದಿರುಗಿದರು. ಏನಿತ್ತೋ ನಾನು ಕೇಳಲಿಲ್ಲ, ಕೇಳುವುದು ಸರಿಯೂ ಅಲ್ಲ. ಆದರೆ ಆ ರಾತ್ರಿಯೆಲ್ಲ ಆ ರಿಪೋರ್ಟು ಅವರ ಕೈಯಲ್ಲೇ ಇದ್ದು, ಅವರಿಗೇ ತಿಳಿಯದೆ ಉಳಿಯಿತು. ವಾಸ್ತವವಾಗಿ ಅದು ಅವರದೇ ದೇಹದ ಸುದ್ದಿ.

ಓದಲಾಗದ ಪರದೆ ಮನುಷ್ಯನ ಮುಂದೆ ಎರಡೇ ದಾರಿಗಳನ್ನು ಇಡುತ್ತದೆ: ಇನ್ನೊಬ್ಬರಿಗೆ ತೋರಿಸಿ ಗುಟ್ಟನ್ನು ಬಿಟ್ಟುಕೊಡು, ಇಲ್ಲವೆ ತಿಳಿಯದೆ ಇರು. ಮುಟ್ಟಿನ ತೊಂದರೆ, ಬಸಿರು, ಮಕ್ಕಳಿಲ್ಲದ ಕೊರಗು, ಕ್ಷಯ, ಮನಸ್ಸಿನ ಬೇನೆ ಇವುಗಳಲ್ಲಿ ಯಾವುದನ್ನು ನೆರೆಮನೆಯ ಹುಡುಗನ ಮುಂದೆ ಇಡಲು ಸಾಧ್ಯ? ಪಾಸ್‌ವರ್ಡಿನ ಬೀಗ ಎಷ್ಟು ಭದ್ರವಾಗಿದ್ದರೇನು, ಬೀಗ ತೆಗೆಯಲು ನೆರೆಯವರನ್ನೇ ಕರೆಯಬೇಕಾದರೆ? ಮನೆಗೆ ಒಂದೇ ಮೊಬೈಲಿದ್ದು ಅದು ಗಂಡನ ಜೇಬಿನಲ್ಲಿದ್ದರೆ, ಓಟಿಪಿಯೂ ಅಲ್ಲಿಗೇ ಹೋಗುತ್ತದೆ. ಹೆಂಡತಿ ಆಸ್ಪತ್ರೆಯಲ್ಲಿ, ಅಂಕಿ ಗದ್ದೆಯಲ್ಲಿ! ಒಂದು ಮೊಬೈಲನ್ನು ಮನೆಯ ಐವರು ಬಳಸುತ್ತಾರೆಂಬುದನ್ನು ಒಪ್ಪಿಕೊಂಡು, ಒಬ್ಬೊಬ್ಬರಿಗೂ ಬೇರೆ ಬೇರೆ ಕೋಣೆ ಮಾಡಿಕೊಡುವ ಪರದೆ ಬೇಕು.

ದನಿಯಿಂದ ಹೇಳಿಸಿದರೆ ಅಕ್ಷರದ ತೊಡಕು ತೀರುವುದು ನಿಜ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ-ಮಾನಸ್’ ಸೇವೆಗೆ ೧೪೪೧೬ ಎಂಬ ಐದು ಅಂಕಿ ಒತ್ತಿದರೆ ಸಾಕು, ಮನಸ್ಸಿನ ಕಷ್ಟವನ್ನು ತಮ್ಮ ಮಾತಿನಲ್ಲೇ ಹೇಳಿಕೊಳ್ಳಬಹುದು. ಇದು ಮೆಚ್ಚತಕ್ಕ ಮಾದರಿ. ಆದರೆ ಆ್ಯಪ್ ಒಂದು ಜಗಲಿಯ ಮೇಲೆ ಗಟ್ಟಿಯಾಗಿ ‘ನಿಮ್ಮ ಪರೀಕ್ಷೆಯ ಫಲಿತಾಂಶ’ ಎಂದು ಕೂಗಿದರೆ ಓದಿಸಿದ್ದಕ್ಕಿಂತ ಕೇಡು. ಕಿವಿಗೆ ಹಿಡಿದಾಗ ಮಾತ್ರ, ಫೋನಿನಲ್ಲಿ ಮಾತಾಡಿದಂತೆ, ಮೆಲ್ಲಗೆ ಹೇಳುವಂತಿರಬೇಕು.

ಒಪ್ಪಿಗೆಯ ವಿಷಯದಲ್ಲಿಯೂ ಇದೇ ಮಾತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ಒಪ್ಪಿಗೆ ಕೇಳುವಾಗ ಸ್ಪಷ್ಟವಾದ ಸರಳ ಭಾಷೆಯಲ್ಲಿ ಕೇಳಬೇಕು, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದರಲ್ಲಾಗಲಿ ಓದುವ ಅವಕಾಶವಿರಬೇಕು ಎಂದು ವಿಧಿಸುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಕಾಯಿದೆಯ ಈ ಮಾತು ಪರದೆಯ ಮೇಲೆ ಇಳಿಯದಿದ್ದರೆ, ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತುವುದು ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆಯೇ ಸರಿ.

ಒಂದು ಆಕ್ಷೇಪ

‘ಪರದೆಯನ್ನು ತಿದ್ದುವ ಬದಲು ಜನಕ್ಕೆ ವಿದ್ಯೆ ಕಲಿಸಿದರೆ ಸಾಲದೆ?’ ಎಂದು ಕೆಲವರು ಕೇಳಬಹುದು. ವಿದ್ಯೆ ಬೇಕು ಎಂಬುದನ್ನು ಮನೆಯ ಮೊದಲ ಪದವೀಧರನಾಗಲಿರುವ ನಾನು ಅಲ್ಲಗಳೆಯಲಾರೆ. ಆದರೆ ರೋಗ ಅಲ್ಲಿಯವರೆಗೆ ಕಾಯುವುದಿಲ್ಲ. ಮೇಲಾಗಿ, ಚೆನ್ನಾಗಿ ಓದಿದವನೂ ನೂರಮೂರು ಡಿಗ್ರಿ ಜ್ವರದಲ್ಲಿ, ಕನ್ನಡಕ ಸಿಗದ ನಡುರಾತ್ರಿಯಲ್ಲಿ, ಮುಕ್ಕಾಲು ಅನಕ್ಷರಸ್ಥನೇ. ೨೦೦೫ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರು ಓದು ಬಲ್ಲವರು. ಆದರೆ ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ದುಡಿಯುವ ಅವರಿಗೆ ಹತ್ತು ಪರದೆ ದಾಟಿ ಹನ್ನೊಂದನೆಯದರಲ್ಲಿ ಕೆಲಸ ಮಾಡುವ ಪುರಸತ್ತಿಲ್ಲ. ದುರ್ಬಲರಿಗೆ ಒಗ್ಗುವ ಪರದೆ ಬಲಿಷ್ಠರಿಗೂ ಒಗ್ಗುತ್ತದೆ. ಇದರ ವಿಪರ್ಯಯ ನಿಜವಲ್ಲ.

ನಾವು ಮಾಡಬಹುದಾದದ್ದು

ಇಲ್ಲಿ ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಏನು ಕೆಲಸ ಎಂಬ ಪ್ರಶ್ನೆ ಏಳುತ್ತದೆ. ಪ್ರೋಗ್ರಾಮು ಬರೆಯುವುದು ಬೇರೆಯವರ ವಿದ್ಯೆ. ಆದರೆ ಯಾವ ಮಾತು ಯಾರಿಗೆ ತಿಳಿಯುತ್ತದೆ, ಯಾವ ಮನೆಯಲ್ಲಿ ಮೊಬೈಲು ಯಾರ ಕೈಯಲ್ಲಿರುತ್ತದೆ ಎಂಬುದು ಭಾಷೆ ಮತ್ತು ಸಮಾಜಶಾಸ್ತ್ರಗಳನ್ನು ಓದುವ ನಮ್ಮ ವಿದ್ಯೆ. ಪರದೆಯೊಂದರ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಐದು ಜನರ ಮುಂದೆ ಇಟ್ಟು ನೋಡಿದರೆ ಹೊರಬೀಳುತ್ತವೆ ಎಂದು ಈ ಶಾಸ್ತ್ರದ ಹೆಸರಾಂತ ವಿದ್ವಾಂಸ ಜೇಕಬ್ ನೀಲ್ಸನ್ ೨೦೦೦ದಲ್ಲಿ ಬರೆದರು. ಅದಕ್ಕೆ ಯಂತ್ರವೂ ಬೇಕಾಗಿಲ್ಲ. ಮುಂದಿನ ಎನ್.ಎಸ್.ಎಸ್. ಶಿಬಿರದಲ್ಲಿ ರಟ್ಟಿನ ತುಂಡುಗಳ ಮೇಲೆ ಪರದೆಯನ್ನು ಪೆನ್ನಿನಿಂದ ಬರೆದು, ಹಳ್ಳಿಯ ಐದು ಮಂದಿ ಹೆಂಗಸರ ಮುಂದಿಟ್ಟು, ‘ಅವ್ವಾ, ನಿಮ್ಮ ಬಿ.ಪಿ. ಹೋದ ತಿಂಗಳು ಎಷ್ಟಿತ್ತು, ತೋರಿಸಿ’ ಎಂದು ಕೇಳಬಹುದು. ಅವರ ಬೆರಳು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ, ಯಾವ ಪದಕ್ಕೆ ಹುಬ್ಬು ಗಂಟಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಆಗ ನಾವು ಹೇಳಿಕೊಡಬಾರದು. ಅವರು ತಡವರಿಸಿದರೆ ತಿದ್ದಬೇಕಾದುದು ರಟ್ಟನ್ನು, ಅವರನ್ನಲ್ಲ. ಹೀಗೆ ಕಂಡದ್ದನ್ನು ಬರೆದು, ನಮ್ಮ ಅಧ್ಯಾಪಕರ ಮೂಲಕ ಆರೋಗ್ಯ ಇಲಾಖೆಯವರಿಗೂ ಆ್ಯಪ್ ಮಾಡುವವರಿಗೂ ಕಳಿಸಿದರೆ, ಶಿಬಿರದಲ್ಲಿ ಗುಡಿಸಿದ ರಸ್ತೆಗಿಂತ ಹೆಚ್ಚು ಕಾಲ ಉಳಿಯುವ ಸೇವೆಯಾದೀತು.

ಈ ವರ್ಷದ ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಹಲವರು ಉದ್ಯೋಗ ಹುಡುಕಿಕೊಂಡು ಊರು ಬಿಡುವವರೇ. ನಮ್ಮ ಹಿಂದೆ ಮೊಬೈಲು ಓದಿ ಹೇಳುವ ಇನ್ನೊಬ್ಬ ಹುಡುಗ ಊರಿನಲ್ಲಿ ಸಿಕ್ಕಾನು. ಆದರೆ ಅಂತಹವನ ಅವಶ್ಯಕತೆಯೇ ಬೀಳದಂತಹ ಪರದೆಯನ್ನು ಬರೆಸುವುದು ನಾವು ಬಿಟ್ಟುಹೋಗಬಹುದಾದ ಒಳ್ಳೆಯ ಸಾಲಗಳಲ್ಲಿ ಒಂದಲ್ಲ, ತೀರಿಸಬೇಕಾದ ಸಾಲಗಳಲ್ಲಿ ಒಂದು. ಶಿಬಿರಕ್ಕೆ ಇನ್ನೂ ದಿನಗಳಿವೆ. ರಟ್ಟು, ಪೆನ್ನು ಎರಡೂ ನಮ್ಮಲ್ಲಿವೆ. ಕೂಡಿ ಬರುವ ಮಿತ್ರರು ತಮ್ಮ ಹೆಸರುಗಳನ್ನು ಕೊಡಬೇಕಾಗಿ ಪ್ರಾರ್ಥನೆ.